ಟ್ರೈನಿಂಗಿಗೆ ಹೋದ ಅಮ್ಮ

ಆ ಸುಳ್ಳನ್ನು ಮೊದಲು ಹೇಳಿದವಳು ನಾನೇ. ಬೇರೆಯವರ ಮೇಲಿರುವ ಸಿಟ್ಟನ್ನೆಲ್ಲ ಬರೆಯುವುದಕ್ಕೆ ಮುಂಚೆ ಇದನ್ನು ಬರೆದುಬಿಡಬೇಕು.

ಹಾನುಬಾಳಿನಿಂದ ನಾಲ್ಕು ಮೈಲಿ ಒಳಗಿರುವ ನಮ್ಮೂರಿನ ಪೋಸ್ಟಾಫೀಸು ನಡೆಸುವವಳು ನಾನು. ಆಫೀಸು ಎಂದರೆ ನಮ್ಮ ಮನೆಯ ಮುಂದಿನ ಕೋಣೆ. ಒಂದು ಮೇಜು, ಒಂದು ತಕ್ಕಡಿ, ಹೊರಗೋಡೆಯಲ್ಲಿ ಕೆಂಪು ಡಬ್ಬಿ. ನನ್ನ ತಮ್ಮನ ಮನೆ ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ದೂರ. ಅವನಿಗೆ ಆರೆಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ನಮ್ಮ ಅವ್ವ ಇರುವುದು ಅವನ ಜೊತೆಯಲ್ಲೇ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಆಗ ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವಳಿಗೆ ಆರು. ಶಾಲೆಯ ವ್ಯಾನು ಅವರನ್ನು ನಮ್ಮ ಬಾಗಿಲಲ್ಲೇ ಇಳಿಸುತ್ತಿತ್ತು. ಅವರಮ್ಮ ಸಕಲೇಶಪುರದ ಒಂದು ಲ್ಯಾಬಿನಲ್ಲಿ ಕೆಲಸ ಮುಗಿಸಿ ಐದೂವರೆಯ ಬಸ್ಸಿಗೆ ಬರುವ ತನಕ ಇಬ್ಬರೂ ನನ್ನ ಹತ್ತಿರವೇ ಇರುತ್ತಿದ್ದರು. ಹಾಲು ಕುಡಿದು, ಮೇಜಿನ ಕೆಳಗೆ ಕೂತು, ಬಂದ ಕಾಗದಗಳ ಮೇಲಿನ ಸೀಲುಗಳನ್ನು ಓದುವುದು ದೊಡ್ಡವಳಿಗೆ ಒಂದು ಆಟ. ಇದು ಬೇಲೂರು, ಇದು ಮಂಗಳೂರು ಎಂದು ನಾನೇ ಕಲಿಸಿಕೊಟ್ಟಿದ್ದೆ.

ನಾಲ್ಕು ವರ್ಷದ ಹಿಂದೆ, ಜನವರಿಯ ಒಂದು ಬುಧವಾರ, ಐದೂವರೆಯ ಬಸ್ಸು ಬಂದು ನಿಂತು ಹೋಯಿತು. ಅವರಮ್ಮ ಇಳಿಯಲಿಲ್ಲ. ಇಳಿಯುವುದಿಲ್ಲ ಎಂದು ನನಗೆ ಬೆಳಗ್ಗೆಯೇ ಗೊತ್ತಿತ್ತು. ಮಕ್ಕಳು ವ್ಯಾನು ಹತ್ತಿ ಅರ್ಧ ಗಂಟೆಯಾಗುವಷ್ಟರಲ್ಲಿ ಅವಳು ಎರಡು ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದಿದ್ದಳು.

“ಅತ್ತಿಗೆ, ಸಕಲೇಶಪುರದಲ್ಲಿ ರೂಮ್ ಮಾಡಿದೀನಿ. ಇನ್ನು ಆ ಮನೇಲಿರೋಕೆ ನನ್ ಕೈಲಾಗಲ್ಲ. ಪರೀಕ್ಷೆ ಮುಗಿಯೋವರ್ಗೂ ಮಕ್ಳು ಇಲ್ಲೇ ಇರ್ಲಿ. ಆಮೇಲೆ ಕರ್ಕೊಳ್ತೀನಿ.”

“ಮಕ್ಳಿಗೆ ಹೇಳಿದ್ಯಾ?”

“ಇಲ್ಲ. ರಾತ್ರಿಯಿಂದ ಹೇಳ್ಬೇಕು ಹೇಳ್ಬೇಕು ಅಂದ್ಕೊಂಡೆ. ಬೆಳಗ್ಗೆ ಜಡೆ ಹಾಕೋವಾಗ್ಲೂ ಅಂದ್ಕೊಂಡೆ. ಬಾಯೇ ಬರ್ಲಿಲ್ಲ.”

ಬಸ್ಸು ಬಂತು, ಹತ್ತಿ ಹೋದಳು. ಸಂಜೆ ಚಿಕ್ಕವಳು ರಸ್ತೆಯ ಕಡೆ ನೋಡಿ ನೋಡಿ ಸಾಕಾಗಿ, “ಅತ್ತೆ, ಅಮ್ಮ ಯಾಕ್ ಬರ್ಲಿಲ್ಲ?” ಎಂದು ಕೇಳಿದಳು. ನಾನು ಹಾಲು ಆರಿಸುತ್ತಿದ್ದೆ. ಲೋಟದಿಂದ ಕಣ್ಣು ತೆಗೆಯದೆ, “ನಿಮ್ಮಮ್ಮ ಹಾಸನಕ್ಕೆ ಟ್ರೈನಿಂಗಿಗೆ ಹೋಗವ್ಳೆ ಪುಟ್ಟಿ. ಒಂದ್ ತಿಂಗ್ಳು ಅಷ್ಟೇ” ಎಂದೆ. ಅಷ್ಟು ಸಲೀಸಾಗಿ ಬಂತು ನನ್ನ ಬಾಯಿಂದ. ಚಿಕ್ಕವಳು ಸರಿ ಎಂದು ಹಾಲು ಕುಡಿದಳು. ದೊಡ್ಡವಳು ತಲೆಯೆತ್ತಿ ನನ್ನ ಮುಖ ನೋಡಿದಳು.

ನನ್ನ ತಮ್ಮ ಕುಡಿಯುವವನಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಅವಳೂ ಯಾರ ಬಾಯಿಗೂ ಬೀಳುವಂಥದ್ದೇನೂ ಮಾಡಿರಲಿಲ್ಲ. ನಮ್ಮೂರಿಗೆ ಇದೇ ದೊಡ್ಡ ತಲೆನೋವಾಗಿತ್ತು. ಯಾರೋ ಒಬ್ಬರು ಕೆಟ್ಟವರಾಗಿದ್ದರೆ ಮಾತಾಡುವುದಕ್ಕೆ ಸುಲಭ. ಇವರಿಬ್ಬರು ಬರೀ ಮಾತು ಬಿಟ್ಟವರು. ಅವಳು ಕೆಲಸಕ್ಕೆ ಸೇರಿದ್ದು ಅವನಿಗೆ ಸರಿಬರಲಿಲ್ಲ. ಸರಿಬರಲಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಲೂ ಇಲ್ಲ, ಮುಖ ಊದಿಸಿಕೊಂಡ. ಅವಳೂ ಒಂದಷ್ಟು ದಿನ ಸಮಾಧಾನ ಮಾಡಿ, ಆಮೇಲೆ ಅವಳೂ ಮುಖ ತಿರುಗಿಸಿದಳು. ತಿಂಗಳು, ವರ್ಷ, ಎರಡು ವರ್ಷ. ಒಂದೇ ಸೂರಿನ ಕೆಳಗೆ ಇದ್ದುಕೊಂಡು ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ದೊಡ್ಡ ಮಗಳ ಬಾಯಲ್ಲಿ ಹೇಳಿಸಿದರು.

ನಾನು ಕಣ್ಣಾರೆ ಕಂಡದ್ದು ಇದು. ಅವನು ಊಟಕ್ಕೆ ಕೂತು, “ಸಾರಿಗೆ ಉಪ್ಪು ಸುರ್ದವ್ಳೆ ಅಂತ ಹೇಳು ನಿಮ್ಮಮ್ಮಂಗೆ” ಎನ್ನುವನು. ಅವಳು ನಾಲ್ಕು ಹೆಜ್ಜೆ ದೂರದ ಒಲೆಯ ಹತ್ತಿರ ನಿಂತಿರುವಳು. ಎಂಟು ವರ್ಷದ ಹುಡುಗಿ ತಟ್ಟೆ ಬಿಟ್ಟು ಎದ್ದು ಹೋಗಿ, “ಅಮ್ಮ, ಸಾರು ಚೆನ್ನಾಗೈತಂತೆ, ಉಪ್ಪು ಮಾತ್ರ ಒಂಚೂರು ಜಾಸ್ತಿ ಆಗೈತಂತೆ” ಎನ್ನುವಳು. ಅಮ್ಮ ಕೊಟ್ಟ ಉತ್ತರಕ್ಕೂ ಅಷ್ಟೇ, ಮುಳ್ಳು ತೆಗೆದು ಅಪ್ಪನಿಗೆ ತಲುಪಿಸುವಳು. ನಾವು ದೊಡ್ಡವರು ಅದನ್ನು ನೋಡಿ ಏನು ಮಾಡಿದೆವು? ನಕ್ಕೆವು. “ಎಷ್ಟು ಚುರುಕು ನೋಡು ಹುಡ್ಗಿ” ಎಂದು ಮೆಚ್ಚಿಕೊಂಡೆವು. ಬೇರೆಯವರ ಕಾಗದ ಹಂಚುವ ಕೆಲಸಕ್ಕೆ ನನಗೆ ಸರ್ಕಾರ ಸಂಬಳ ಕೊಡುತ್ತದೆ. ಆ ಮಗುವಿನ ತಲೆಯ ಮೇಲೆ ಅದಕ್ಕಿಂತ ಭಾರದ ಚೀಲ ಹೊರಿಸಿ ನಾವು ಎರಡು ವರ್ಷ ಮೋಜು ನೋಡಿದೆವು. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಹೇಳಿದ ಒಂದು ತಿಂಗಳ ಟ್ರೈನಿಂಗು ಊರಿಗೆಲ್ಲ ಬಹಳ ಅನುಕೂಲವಾಯಿತು. ಅವ್ವ ಅದಕ್ಕೆ ಇನ್ನೊಂದು ತಿಂಗಳು ಸೇರಿಸಿದಳು. ತಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅವರಮ್ಮ ಎರಡು ದಿನಕ್ಕೊಮ್ಮೆ ನನ್ನ ಫೋನಿಗೆ ಕರೆ ಮಾಡಿ, “ಚೆನ್ನಾಗಿ ಓದ್ಕೊಳ್ಳಿ ಮಗ, ಬೇಗ ಬರ್ತೀನಿ” ಎನ್ನುತ್ತ ತಾನೂ ಆ ಸುಳ್ಳಿನೊಳಗೆ ಸೇರಿಕೊಂಡಳು. ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲೆಲ್ಲಿಯೋ ಇರುವ ನೆಂಟರು ಈ ವಿಷಯವನ್ನು ಹಿಂಡಿ ಹಿಪ್ಪೆ ಮಾಡಿದರು. ಯಾರ ತಪ್ಪು, ಯಾರು ಬಗ್ಗಬೇಕು, ಯಾವ ದೇವರಿಗೆ ಹರಕೆ ಹೊರಬೇಕು. ಮದುವೆಯಲ್ಲಿ ಒಂದು ಹೊತ್ತು ಉಂಡು ಹೋದವರಿಗೂ ಅದರಲ್ಲಿ ಪಾಲಿತ್ತು. ಗೊತ್ತಿಲ್ಲದೆ ಇದ್ದವರು ಎಂದರೆ ಆ ಇಬ್ಬರು ಮಕ್ಕಳು ಮಾತ್ರ. ಗೊತ್ತಿಲ್ಲ ಎಂದು ನಾವು ತಿಳಿದಿದ್ದೆವು.

ಫೆಬ್ರವರಿಯಲ್ಲಿ ದೋಣಿಗಲ್ಲಿನ ನೆಂಟರೊಬ್ಬರ ಮನೆಯ ಗೃಹಪ್ರವೇಶಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಪಂಕ್ತಿಯಲ್ಲಿ ಕೂತಿದ್ದಾಗ ದೂರದ ಸಂಬಂಧದ ಹೆಂಗಸೊಬ್ಬಳು ಬಂದು ಚಿಕ್ಕವಳ ಮುಂದೆ ಬಗ್ಗಿ, ಕೈಯಲ್ಲಿ ಲಡ್ಡು ಹಿಡಿದು, “ಹೇಳು ಮರಿ, ನಿಂಗೆ ಅಮ್ಮ ಬೇಕೋ ಅಪ್ಪ ಬೇಕೋ?” ಎಂದಳು. ಸುತ್ತ ಇದ್ದವರೆಲ್ಲ ಊಟ ನಿಲ್ಲಿಸಿ ಕಿವಿ ನಿಮಿರಿಸಿದರು. ಚಿಕ್ಕವಳು ಅವಳ ಮುಖ ನೋಡಿದಳು, ಕೈ ನೋಡಿದಳು. “ಲಡ್ಡು ಬೇಕು” ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಎಲೆ ಬಿಟ್ಟು ಎದ್ದು ಆ ಹೆಂಗಸಿನ ಕೈ ಹಿಡಿದು ಹೊರಗೆ ನಡೆಸಬೇಕು ಎನಿಸಿತು. ಎದ್ದೆನೇ? ಇಲ್ಲ. ಶುಭಕಾರ್ಯ, ನೆಂಟರ ಮನೆ, ಸುಮ್ಮನೆ ಅನ್ನ ಕಲಸಿದೆ. ದೊಡ್ಡವಳು ಊಟ ಮುಗಿಸಲಿಲ್ಲ. ತಂಗಿಯ ಕೈಯಿಂದ ಲಡ್ಡು ತೆಗೆದು ಎಲೆಯ ಮೇಲಿಟ್ಟು, “ಸಾಕು, ಬಾ ಕೈ ತೊಳ್ಯಾಣ” ಎಂದು ಎಬ್ಬಿಸಿಕೊಂಡು ಹೋದಳು.

ಅದಾಗಿ ಎರಡು ದಿನಕ್ಕೆ ಅವಳು ಮೇಜಿನ ಮುಂದೆ ಬಂದು ನಿಂತಳು. ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಗಿರಾಕಿಯ ಹಾಗೆ.

“ಅತ್ತೆ, ಒಂದು ಇನ್‌ಲ್ಯಾಂಡ್ ಕೊಡಿ.”

“ಯಾರಿಗೆ?”

“ಅಮ್ಮಂಗೆ. ಫೋನಲ್ಲಾದ್ರೆ ಎಲ್ರೂ ಕೇಳಿಸ್ಕೊಳ್ತಾರೆ. ಟ್ರೈನಿಂಗ್ ಆಗೋ ಜಾಗದ ಅಡ್ರೆಸ್ ಹೇಳಿ, ನಾನೇ ಬರ್ಕೊಳ್ತೀನಿ.”

ಹದಿನಾರು ವರ್ಷದಿಂದ ಅಡ್ರೆಸ್ಸುಗಳೇ ನನ್ನ ಬದುಕು. ಅರ್ಧ ಅಡ್ರೆಸ್ ಬರೆದ ಕಾಗದಗಳನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸಿದವಳು. ಆ ಹುಡುಗಿಗೆ ಕೊಡಲು ನನ್ನ ಹತ್ತಿರ ಒಂದು ಸಾಲು ಇರಲಿಲ್ಲ. “ಅಡ್ರೆಸ್ ನಾನ್ ಬರ್ದು ಹಾಕ್ತೀನಿ, ನೀನು ಒಳಗಿಂದು ಬರಿ” ಎಂದೆ. ಅವಳು ಮೇಜಿನ ಕೆಳಗೆ ಕೂತು ಬರೆದಳು. ಮೂರೂ ಅಂಚಿಗೆ ಅಂಟು ಹಚ್ಚಿ ಮೇಲಿಂದ ಮೇಲೆ ಒತ್ತಿ ಕೊಟ್ಟಳು. “ಅಮ್ಮಂಗೂ ಪೋಸ್ಟಲ್ಲೇ ಬರೀಬೇಕು ಅಂತ ಹೇಳಿ” ಎಂದಳು.

ಶನಿವಾರ ಸಕಲೇಶಪುರಕ್ಕೆ ಹೋಗಿ ಕಾಗದವನ್ನು ಅವಳಮ್ಮನ ಕೈಗೆ ಕೊಟ್ಟೆ. ಅವಳು ಓದಿ, ಮಂಚದ ತುದಿಯಲ್ಲಿ ಕೂತು ಬಿಕ್ಕಿದಳು. ಒಳಗೆ ಏನಿತ್ತು ಎಂದು ನಾನು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಉತ್ತರ ಬರೆದು ಪೋಸ್ಟಿಗೆ ಹಾಕುತ್ತೇನೆ ಎಂದಳು. ಹಾಕು ಎಂದೆ.

ಮುಂದಿನ ಬುಧವಾರ ಚೀಲದಲ್ಲಿ ಆ ಕಾಗದ ಬಂತು. ಮಗಳ ಹೆಸರು ಬರೆದದ್ದು. ವ್ಯಾನು ಇಳಿದವಳ ಕೈಗೆ ಖುಷಿಯಿಂದಲೇ ಕೊಟ್ಟೆ. ಅವಳು ಒಡೆಯಲಿಲ್ಲ. ಮೊದಲು ತಿರುಗಿಸಿ ಸೀಲು ನೋಡಿದಳು. ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ನೋಡಿದಳು.

“ಅತ್ತೆ, ಇದ್ರ ಮೇಲೆ ಸಕಲೇಶಪುರ ಅಂತ ಐತೆ.”

ದಿನಾ ಸೀಲು ಹೊಡೆಯುವವಳು ನಾನು. ಸೀಲನ್ನು ಓದಲು ಅವಳಿಗೆ ಕಲಿಸಿದವಳೂ ನಾನು. ಹೊಳೆದಿರಲಿಲ್ಲ! ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಹಾಸನದ ಕಾಗದವೆಲ್ಲ ಸಕಲೇಶಪುರಕ್ಕೆ ಬಂದು ಬರುತ್ತದೆ ಎಂದು. ಅವಳ ಮುಖ ನೋಡಿ ಹೇಳಲಾಗಲಿಲ್ಲ. ಚಿಕ್ಕವಳನ್ನು ಹಿತ್ತಲಲ್ಲಿದ್ದ ನನ್ನ ಗಂಡನ ಹತ್ತಿರ ಕಳಿಸಿ, ಬಾಗಿಲು ಮುಂದೆ ಮಾಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ.

“ನಿಮ್ಮಮ್ಮ ಟ್ರೈನಿಂಗಿಗೆ ಹೋಗಿಲ್ಲ ಮಗ. ಸಕಲೇಶಪುರದಲ್ಲೇ ರೂಮ್ ಮಾಡ್ಕೊಂಡವ್ಳೆ. ಅಪ್ಪ ಅಮ್ಮ ಇನ್ಮೇಲೆ ಒಂದೇ ಮನೇಲಿ ಇರಲ್ಲ. ನಾನು ಸುಳ್ಳು ಹೇಳ್ದೆ. ತಪ್ಪಾಯ್ತು.”

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಕಾಗದವನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿದಳು. ಆಮೇಲೆ, “ನಂಗೆ ಗೊತ್ತಿತ್ತು ಅತ್ತೆ. ನನ್ನಿಂದ್ಲೇ ಆಗಿದ್ದು” ಎಂದಳು.

“ಏನಂದೆ?”

“ಅಪ್ಪ ಒಂದಿನ, ಇರೋಕೆ ಇಷ್ಟ ಇಲ್ದಿದ್ರೆ ಹೋಗ್ಲಿ ಅಂತ ಹೇಳು ನಿಮ್ಮಮ್ಮಂಗೆ, ಅಂದಿದ್ರು. ವ್ಯಾನ್ ಬಂದ್ಬುಟ್ಟಿತ್ತು. ನಂಗೆ ಸರಿಯಾಗಿ ಮಾಡಿ ಹೇಳೋಕೆ ಟೈಮಿರ್ಲಿಲ್ಲ. ಹಂಗೇ ಹೇಳ್ಬುಟ್ಟೆ. ಆ ವಾರದಲ್ಲೇ ಅಮ್ಮ ಹೋಗ್ಬುಟ್ರು.”

‘ಸರಿಯಾಗಿ ಮಾಡಿ’ ಎಂದಳು. ಎರಡು ವರ್ಷ ತಾನು ಏನು ಮಾಡುತ್ತಿದ್ದೇನೆ ಎಂದು ಆ ಮಗುವಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ಅಮ್ಮನ ಮಾತುಗಳನ್ನು ದಿನಾ ಸರಿಮಾಡಿ ಸರಿಮಾಡಿ ಸಂಸಾರವನ್ನು ತಾನೇ ಹಿಡಿದು ನಿಲ್ಲಿಸಿದ್ದೇನೆ ಎಂದುಕೊಂಡಿದ್ದಳು. ಒಂದೇ ಒಂದು ದಿನ ಕೈ ಬಿಟ್ಟೆ, ಬಿದ್ದುಹೋಯಿತು ಎಂದುಕೊಂಡು ಐದು ವಾರ ಯಾರ ಹತ್ತಿರವೂ ಹೇಳದೆ ಒಳಗೇ ಬೇಯುತ್ತಿದ್ದಳು. ನಾವು ಟ್ರೈನಿಂಗಿನ ಕತೆ ಹೇಳಿ ಅವಳನ್ನು ನೋವಿನಿಂದ ಕಾಪಾಡುತ್ತಿದ್ದೇವೆ ಎಂದು ಬೀಗುತ್ತಿದ್ದೆವು.

ನಿನ್ನಿಂದಲ್ಲ ಎಂದು ನಾನು ನೂರು ಸಲ ಹೇಳಿದೆ. ಅವಳು ತಲೆ ಆಡಿಸಿದಳು. ನಂಬಲಿಲ್ಲ. ಯಾಕೆ ನಂಬಬೇಕು? ಟ್ರೈನಿಂಗ್ ಎಂದವಳೂ ನಾನೇ ಅಲ್ಲವೇ.

ಆ ಕ್ಷಣವೇ ಎದ್ದು ತಮ್ಮನ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಅವನಿಗೆ ಕಾಫಿ ಕೊಯ್ಲಿನ ಗಡಿಬಿಡಿ, ಅವ್ವನಿಗೆ ಮೈ ಸರಿಯಿಲ್ಲ, ಭಾನುವಾರ ಮಾತಾಡೋಣ ಎಂದು ನೆವ ಹುಡುಕಿದೆ. ತವರಿಗೆ ಕೂಗಳತೆ ದೂರದಲ್ಲಿ ಬದುಕುವ ಹೆಣ್ಣಿಗೆ ಅಂಥ ನೆವಗಳು ಬೇಕಾದಷ್ಟು ಸಿಗುತ್ತವೆ. ಅಷ್ಟರಲ್ಲಿ ಕೋರ್ಟಿನ ನೋಟಿಸು ಬಂತು. ತಮ್ಮನ ಹೆಂಡತಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಳು. ನಾನೇ ಕೊಂಡುಹೋಗಿ ತಮ್ಮನ ಸಹಿ ಹಾಕಿಸಿಕೊಂಡು ಕೊಟ್ಟೆ. ಅವನು ಒಡೆದು ಓದಿ, ಮಡಚಿ ಅಂಗಿಯ ಜೇಬಿಗಿಟ್ಟು ತೋಟಕ್ಕೆ ಹೋದ.

ಎರಡು ದಿನ ಬಿಟ್ಟು ಸಂಜೆ ಅವ್ವನ ಮಾತ್ರೆ ಕೊಡಲು ಹೋದೆ. ಜಗಲಿಯಲ್ಲಿ ಚಿಕ್ಕವಳು ಶಾಲೆಯಲ್ಲಿ ಪದ್ಯ ಒಪ್ಪಿಸುವ ಹಾಗೆ ಕೈಕಟ್ಟಿ ನೆಟ್ಟಗೆ ನಿಂತಿದ್ದಳು. ಅವ್ವ ಎದುರಿಗೆ ಕೂತಿದ್ದಳು.

“ಜಡ್ಜು ಸಾಹೇಬ್ರು ಕೇಳ್ತಾರೆ, ಯಾರ್ ಜೊತೆ ಇರ್ತೀಯ ಮಗ ಅಂತ. ಏನಂತೀಯ?”

“ಅಪ್ಪನ್ ಜೊತೆ.”

“ಅಮ್ಮ ಯಾಕ್ ಬೇಡ?”

“ಅಮ್ಮ... ಅಮ್ಮ ನಮ್ಮನ್ನ ಬುಟ್ಟು...” ಮುಂದಿನದು ಮರೆತುಹೋಗಿ ಚಿಕ್ಕವಳು ಅಕ್ಕನ ಕಡೆ ನೋಡಿದಳು. ದೊಡ್ಡವಳು ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದಳು.

“ಬುಟ್ಟು ಹೋಗ್ಬುಟ್ಲು. ಹೇಳು ಇನ್ನೊಂದ್ಸಲ” ಎಂದಳು ಅವ್ವ.

“ಅವ್ವಾ!” ಎಂದು ನಾನು ಕೂಗಿದ ಕೂಗಿಗೆ ಅಂಗಳದ ಕೋಳಿಗಳು ಚದುರಿದವು. ಮಾತ್ರೆಯ ಪೊಟ್ಟಣ ಎಸೆದು, ಚಿಕ್ಕವಳ ಕಟ್ಟಿದ ಕೈ ಬಿಡಿಸಿ, ಇಬ್ಬರನ್ನೂ ಒಳಗೆ ಕಳಿಸಿದೆ. ತಮ್ಮ ಪಕ್ಕದ ಕಣದಲ್ಲಿ ಕಾಫಿ ಗುಡ್ಡೆ ಮಾಡುತ್ತಿದ್ದವನು ಓಡಿ ಬಂದ.

“ಏನಕ್ಕ, ಯಾಕಿಂಗ್ ಕಿರುಚ್ತೀಯ?”

“ಇಲ್ಲಿ ಏನ್ ನಡೀತೈತೆ ಗೊತ್ತೇನೋ ನಿಂಗೆ?”

ಅವನು ಅವ್ವನ ಕಡೆ ನೋಡಿದ. ಗೊತ್ತಿತ್ತು. ಹತ್ತು ಮಾರು ದೂರದಲ್ಲಿ ಕೆಲಸ ಮಾಡುತ್ತಿದ್ದವನಿಗೆ ಕೇಳಿಸದೇ ಇರುತ್ತದೆಯೇ?

“ಅವ್ಳು ಕೋರ್ಟಿಗೆ ಎಳ್ದವ್ಳೆ. ಮಕ್ಳನ್ನೂ ಕಿತ್ಕೊಂಡ್ರೆ ಏನ್ ಮಾಡ್ಲಿ?” ಎಂದ.

“ಅದಕ್ಕೆ ಆರು ವರ್ಷದ ಮಗುಗೆ ಅವ್ರಮ್ಮನ್ನ ಬಯ್ಯೋದು ಬಾಯಿಪಾಠ ಮಾಡಿಸ್ತೀರಾ?”

ಅವ್ವ ನಡುವೆ ಬಂದಳು. “ನೀನ್ ಯಾರೇ ಕೇಳೋಕೆ? ಮದ್ವೆಯಾಗಿ ಹೋದೋಳು, ನಿನ್ ಮನೆ ನೀನ್ ನೋಡ್ಕೊ. ದೊಡ್ಡೋಳಿಗೆ ಏನೇನೋ ಹೇಳಿ ತಲೆ ಕೆಡ್ಸಿದ್ದು ಸಾಲ್ದಾ? ಅವತ್ತಿಂದ ಆ ಹುಡ್ಗಿ ಸರಿಯಾಗಿ ಉಣ್ತಿಲ್ಲ.”

“ಹೌದು, ನಾನೇ ಹೇಳ್ದೆ. ಅವ್ಳು ಏನಂದ್ಲು ಗೊತ್ತಾ?” ಎಂದು ತಮ್ಮನ ಕಡೆ ತಿರುಗಿದೆ. ವ್ಯಾನು, ಅವನು ಆಡಿದ ಮಾತು, ಅವಳು ಅದನ್ನು ಹಾಗೇ ಹೇಳಿದ್ದು, ನನ್ನಿಂದಲೇ ಆಗಿದ್ದು ಎಂದದ್ದು, ಎಲ್ಲವನ್ನೂ ಹೇಳಿದೆ. ದನಿ ತಗ್ಗಿಸಲಿಲ್ಲ. “ನೀನಾಡಿದ್ ಮಾತನ್ನ ಆ ಮಗು ಹೊತ್ಕೊಂಡು ತಿರುಗ್ತೈತೆ ಕಣೋ. ನಿಂಗೆ ಬಾಯಿಲ್ವಾ? ನಾಲ್ಕ್ ಹೆಜ್ಜೆ ದೂರ ನಿಂತಿದ್ದ ಹೆಂಡ್ತಿಗೆ ನೀನೇ ಹೇಳೋಕೆ ಏನಾಗಿತ್ತು?”

ಅವನ ಮುಖ ಕರಗಿತು, ಕಣ್ಣಲ್ಲಿ ನೀರು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಕೆಂಪಾದ. “ಹೋಗಕ್ಕ, ಸುಮ್ನೆ ಹೋಗು ಇಲ್ಲಿಂದ” ಎಂದ. ಹೊರಟೆ. ಗೇಟಿನ ಹತ್ತಿರ ತಿರುಗಿ ನೋಡಿದರೆ ಅವನು ಕಣಕ್ಕೆ ಹೋಗಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದ.

ಮಾರನೆಯ ದಿನ ರಜೆ ಹಾಕಿ ಸಕಲೇಶಪುರದ ಬಸ್ಸು ಹತ್ತಿದೆ. ಮಕ್ಕಳ ಅಮ್ಮನನ್ನೂ ಬಿಡಲಿಲ್ಲ. ಲ್ಯಾಬಿನ ಹೊರಗೆ, ಹೇಮಾವತಿ ಸೇತುವೆಯ ಕಡೆ ಹೋಗುವ ರಸ್ತೆಯ ಬದಿಯಲ್ಲಿ ನಿಂತು, ಹೋಗುವ ಬರುವ ಜನ ನೋಡುತ್ತಿದ್ದರೂ ಲೆಕ್ಕಿಸದೆ ಬೈದೆ. “ನೀನು ಹೋಗಿದ್ದಕ್ಕೆ ನಾನೇನೂ ಅನ್ನಲ್ಲ. ಹೇಳ್ದೆ ಹೋದ್ಯಲ್ಲ, ಅದಕ್ಕೆ ಅಂತೀನಿ. ಜಡೆ ಹಾಕೋವಾಗ ಬಾಯಿ ಬರ್ಲಿಲ್ಲ ಅಂದ್ಯಲ್ಲ, ಆ ಹುಡ್ಗಿ ಎರಡು ವರ್ಷ ನಿಮ್ಮಿಬ್ರ ಬಾಯಾಗಿತ್ತು. ಅದ್ರ ಬಾಯಿ ಒಂದಿನಾನೂ ಕಟ್ಲಿಲ್ಲ.” ಅಪ್ಪನ ಆ ಮಾತನ್ನು ಹಾಗೇ ಮುಟ್ಟಿಸಿದ್ದಕ್ಕೆ ತನ್ನಿಂದಲೇ ಆಯಿತು ಎಂದು ಮಗಳು ಅಂದದ್ದನ್ನೂ ಹೇಳಿದೆ. “ಅಯ್ಯೋ, ಆ ಮಾತಿಗೂ ನಾನ್ ಹೋಗಿದ್ದಕ್ಕೂ ಸಂಬಂಧಾನೇ ಇಲ್ಲ ಅತ್ತಿಗೆ” ಎಂದಳು.

“ನಂಗ್ಯಾಕ್ ಹೇಳ್ತೀಯ? ಅವ್ಳಿಗ್ ಹೇಳು. ಭಾನುವಾರ ನಮ್ಮನೆಗೆ ಬಾ. ಅವ್ನೂ ಬರ್ತಾನೆ.”

ಬರುತ್ತಾನೆ ಎಂದು ನನಗೇನೂ ಖಾತ್ರಿ ಇರಲಿಲ್ಲ. ಶನಿವಾರ ಅವನಿಗೆ ಫೋನ್ ಮಾಡಿ, “ನಾಳೆ ಹತ್ತು ಗಂಟೆಗೆ ಮಕ್ಳನ್ನ ಕರ್ಕೊಂಡ್ ಬಾ. ಬರ್ಲಿಲ್ಲ ಅಂದ್ರೆ, ‘ನಿಮ್ಮಪ್ಪಂಗೆ ಬಂದು ಹೇಳೋ ಧೈರ್ಯ ಇರ್ಲಿಲ್ಲ’ ಅಂತ ಮಕ್ಳಿಗೆ ನಾನೇ ಹೇಳ್ತೀನಿ” ಎಂದು ಇಟ್ಟುಬಿಟ್ಟೆ. ಅವನು ಬಂದ. ಒಗೆದ ಅಂಗಿ ಹಾಕಿಕೊಂಡು, ಗಡ್ಡ ಹೆರೆದು, ಯಾವುದೋ ಕಚೇರಿಗೆ ಬಂದವನ ಹಾಗೆ ಬಾಗಿಲಲ್ಲಿ ನಿಂತ. ಅವ್ವ ಬರಲಿಲ್ಲ.

ಪೋಸ್ಟಾಫೀಸಿನ ಕೋಣೆಯಲ್ಲೇ ಕೂತರು. ಅಡುಗೆಮನೆಯ ಬಾಗಿಲಲ್ಲಿ ನಾನು. ಚಿಕ್ಕವಳು ಅಮ್ಮನ ತೊಡೆಯೇರಿ ಕುತ್ತಿಗೆ ತಬ್ಬಿಕೊಂಡಳು. ದೊಡ್ಡವಳು ನಡುವೆ ಸ್ಟೂಲಿನ ಮೇಲೆ ಕೂತಳು. ಕೊನೆಗೆ ತಮ್ಮ ಗಂಟಲು ಸರಿಮಾಡಿಕೊಂಡು, ದೊಡ್ಡವಳ ಕಡೆ ನೋಡಿ, “ಹೇಳು ನಿಮ್ಮಮ್ಮಂಗೆ, ಕೋರ್ಟು ಗೀರ್ಟು ಅಂತ...” ಎಂದು ಶುರುಮಾಡಿದ.

ದೊಡ್ಡವಳು ಸ್ಟೂಲಿನಿಂದ ಎದ್ದು ನಿಂತಳು.

“ಅಮ್ಮ ಇಲ್ಲೇ ಕೂತೈತಲ್ಲ. ನೀನೇ ಹೇಳಪ್ಪ” ಎಂದಳು. “ನಂಗಾಗಲ್ಲ ಇನ್ಮೇಲೆ.”

ಅಷ್ಟು ಹೇಳಿ ಬಂದು ನನ್ನ ಪಕ್ಕ ನಿಂತಳು. ಅವರಿಬ್ಬರ ನಡುವೆ ಖಾಲಿ ಸ್ಟೂಲು ಉಳಿಯಿತು. ನನ್ನ ತಮ್ಮ ಎರಡು ವರ್ಷದಲ್ಲಿ ಮೊದಲ ಸಲ ಹೆಂಡತಿಯ ಮುಖ ನೋಡಿ ಮಾತಾಡಿದ್ದು ಅವತ್ತು. ಏನು ಮಾತಾಡಿದ ಎನ್ನುವುದು ದೊಡ್ಡದಲ್ಲ. “ಮಕ್ಳನ್ನ ನನ್ನಿಂದ ದೂರ ಮಾಡ್ಬೇಡ” ಎಂದ. ಅವಳು, “ಮಾಡಲ್ಲ. ನೀವೂ ಮಾಡ್ಬೇಡಿ” ಎಂದಳು. ಆಮೇಲೆ ಅವನು ಮಗಳನ್ನು ಹತ್ತಿರ ಕರೆದ. ಅವಳು ಹೋಗಲಿಲ್ಲ. ಇದ್ದಲ್ಲಿಂದಲೇ ಕೇಳಿಸಿಕೊಂಡಳು.

“ಆ ಮಾತು ನಾನಾಡಿದ್ದು ಮಗ. ಆಡ್ಬಾರ್ದಿತ್ತು. ನೀನ್ ಹೆಂಗೇ ಹೇಳಿದ್ರೂ ಅದು ನಂದೇ ಮಾತು. ನಿಂದಲ್ಲ.”

ಅವಳು ಅಮ್ಮನ ಕಡೆ ತಿರುಗಿ, “ನೀನು ಅದಕ್ಕೇ ತಾನೇ ಹೋಗಿದ್ದು?” ಎಂದಳು.

“ಇಲ್ಲ ಮಗ. ಆ ಮಾತು ಕೇಳೋ ಮುಂಚೇನೇ ನಾನು ರೂಮ್ ನೋಡಿ ಬಂದಿದ್ದೆ.”

“ಯಾವತ್ತು?”

ಅವರಮ್ಮ ತಬ್ಬಿಬ್ಬಾದಳು. ಹುಡುಗಿ ಮತ್ತೆ, “ಯಾವತ್ತು ನೋಡಿದ್ದು? ತಾರೀಖು ಹೇಳು” ಎಂದಳು. ನಮ್ಮ ಯಾರ ಬಾಯಿಮಾತೂ ಅವಳಿಗೆ ಬೇಕಿರಲಿಲ್ಲ. ಅವರಮ್ಮ ಫೋನು ತೆಗೆದು, ಹುಡುಕಿ, ರೂಮು ನೋಡಲು ಹೋದ ದಿನ ತೆಗೆದಿದ್ದ ಫೋಟೋ ತೋರಿಸಿದಳು. ಖಾಲಿ ಗೋಡೆ, ಒಂದು ಕಿಟಕಿ, ಮೂಲೆಯಲ್ಲಿ ಬಕೆಟ್ಟು. ಹುಡುಗಿ ಫೋನನ್ನು ತನ್ನ ಕೈಗೇ ತೆಗೆದುಕೊಂಡು ಫೋಟೋದ ಮೇಲಿನ ತಾರೀಖು ಓದಿದಳು. ಡಿಸೆಂಬರಿನದು. ಬೆರಳು ಮಡಚಿ ವಾರ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಫೋನು ವಾಪಸು ಕೊಟ್ಟು, ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು ನೋಡಿ, ಆ ಅಳುವನ್ನು ನಾನು ಮರೆಯುವುದಿಲ್ಲ. ಐದಾರು ವಾರ ಕಟ್ಟಿಕೊಂಡಿದ್ದದ್ದೆಲ್ಲ ಒಮ್ಮೆಗೇ ಒಡೆಯಿತು.

ಚಿಕ್ಕವಳು ಅಕ್ಕನನ್ನು, ಅಮ್ಮನನ್ನು, ಅಪ್ಪನನ್ನು ಒಬ್ಬೊಬ್ಬರನ್ನಾಗಿ ನೋಡಿ, “ಹಂಗಾದ್ರೆ ಟ್ರೈನಿಂಗ್ ಮುಗೀತಾ?” ಎಂದಳು. ಅವಳಿಗೆ ಮತ್ತೆ ಮೊದಲಿಂದ ಹೇಳಬೇಕಾಯಿತು. ಆವತ್ತು ಒಂದು ಸಲ, ಆಮೇಲೆ ತಿಂಗಳುಗಟ್ಟಲೆ, ಸ್ನಾನ ಮಾಡಿಸುವಾಗ, ಬಸ್ಸಿನಲ್ಲಿ, ಊಟದ ಹೊತ್ತಿಗೆ, ಅವಳು ಕೇಳಿದಾಗಲೆಲ್ಲ. ಒಂದು ಸಲ ಹೇಳಿ ಕೈ ತೊಳೆದುಕೊಳ್ಳುವ ವಿಷಯವಲ್ಲ ಅದು ಎಂದು ನಮಗೆ ಅವಳೇ ಕಲಿಸಿದಳು.

ಬೇಸಿಗೆ ರಜೆಯಲ್ಲಿ ಮಕ್ಕಳು ಸಕಲೇಶಪುರದ ಅಮ್ಮನ ಮನೆಗೇ ಇರಲು ಹೋದರು. ರೂಮು ಬಿಟ್ಟು ಅವಳು ಎರಡು ಕೋಣೆಯ ಮನೆ ಮಾಡಿದ್ದಳು. ಅಲ್ಲಿಂದೀಚೆಗೆ ಶನಿವಾರ ಮಧ್ಯಾಹ್ನದ ಬಸ್ಸಿಗೆ ಅಪ್ಪನ ಮನೆಗೆ ಬರುತ್ತಾರೆ, ಸೋಮವಾರ ಬೆಳಗ್ಗೆ ಅವನೇ ಜೀಪಿನಲ್ಲಿ ಶಾಲೆಗೆ ಬಿಡುತ್ತಾನೆ. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬರೆದುಕೊಟ್ಟರು. ಯಾವ ಜಡ್ಜೂ ಮಕ್ಕಳನ್ನು ಏನೂ ಕೇಳಲಿಲ್ಲ. ಅವ್ವ ಮಾಡಿಸಿದ ಬಾಯಿಪಾಠ ದಂಡವಾಯಿತು. ದೊಡ್ಡವಳಿಗೆ ಈಗ ಹದಿನಾಲ್ಕು. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಆದರೆ ನಾನು ಏನಾದರೂ ಹೇಳಿದರೆ ಒಂದು ಕ್ಷಣ ಮುಖ ನೋಡುತ್ತಾಳೆ, ಆಮೇಲೆ ನಂಬುತ್ತಾಳೆ. ಆ ಒಂದು ಕ್ಷಣ ನಾನು ಸಂಪಾದಿಸಿದ್ದು.

ತಮ್ಮ ನನ್ನ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಈಗ ಮಾತಾಡುತ್ತಾನೆ, ಆದರೂ ಆಗಾಗ, “ನೀನು ದುಡುಕಿದೆ ಅಕ್ಕ, ಇನ್ನೊಂಚೂರು ದೊಡ್ಡೋರಾದ್ಮೇಲೆ ಹೇಳ್ಬೋದಿತ್ತು” ಎನ್ನುತ್ತಾನೆ. ಅದಕ್ಕೆ ನನ್ನ ಉತ್ತರವೂ ಬದಲಾಗಿಲ್ಲ. ನಾನು ದುಡುಕಲಿಲ್ಲ, ಐದು ವಾರ ತಡಮಾಡಿದೆ.

ಅವ್ವನ ವಿಷಯ ಬೇರೆ. ಅವಳಿಗೆ ನನ್ನ ಮೇಲಿನ ಸಿಟ್ಟು ಎಷ್ಟೋ ದಿನ ಆರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಇಬ್ಬರೇ ಕೂತು ಅಕ್ಕಿ ಆರಿಸುತ್ತಿದ್ದೆವು. ಮಾತು ಹೇಗೋ ಅಲ್ಲಿಗೇ ಬಂತು. ನಾನು ಕೇಳಿಬಿಟ್ಟೆ: “ಅವ್ವ, ಆ ಮಕ್ಳಿಗೆ ಹೇಳ್ದಿದ್ರೇ ಒಳ್ಳೇದು ಅಂತ ನಿಂಗೆ ನಿಜ್ವಾಗ್ಲೂ ಅನ್ಸಿತ್ತಾ?”

ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ನಮಗ್ಯಾರ್ ಹೇಳಿದ್ರೇ?” ಎಂದಳು.

“ಏನನ್ನ?”

“ನಮ್ಮಪ್ಪ ಘಟ್ಟದ ಕೆಳಗೆ ಇನ್ನೊಂದ್ ಮನೆ ಮಾಡಿದ್ರು. ನಂಗಾಗ ಎಂಟು ವರ್ಷ. ನಮ್ಮವ್ವ ಹೇಳಿದ್ದು, ಯಾಪಾರಕ್ಕೆ ಹೋಗವ್ರೆ, ಬತ್ತಾರೆ ಅಂತ. ನಾನು ದಿನಾ ಸಂಜೆ ರಸ್ತೆ ತಿರುವಲ್ಲಿ ಹೋಗಿ ಕೂರ್ತಿದ್ದೆ. ಎರಡು ವರ್ಷ ಕೂತಿವ್ನಿ. ಆಮೇಲೆ ಯಾರೋ ಬೇರೆ ಮಕ್ಳು ಆಡ್ಕೊಂಡು ನಕ್ಕಾಗ ಗೊತ್ತಾಯ್ತು.”

ನನ್ನ ಅಜ್ಜ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಎಂದು ನನಗೆ ಹೇಳಿ ಬೆಳೆಸಿದ್ದವಳು ಇವಳೇ. ಐವತ್ತು ವರ್ಷ ನಾನು ಅದನ್ನೇ ನಂಬಿದ್ದೆ. ಸಿಟ್ಟು ಬಂತು, ಆದರೆ ಯಾರ ಮೇಲೆ ಹಾಕುವುದು? ಆ ಅಜ್ಜಿಯೂ ಹೋದಳು, ಆ ಅಜ್ಜನೂ ಹೋದ. ಎದುರಿಗೆ ಕೂತಿದ್ದವಳಿಗೆ ಎಪ್ಪತ್ತೈದು ದಾಟಿದೆ. ರಸ್ತೆಯ ತಿರುವಿನಲ್ಲಿ ಕೂತಿದ್ದ ಆ ಎಂಟು ವರ್ಷದ ಹುಡುಗಿಯ ಹತ್ತಿರ ಹೋಗಿ, ಎದ್ದು ಮನೆಗೆ ಬಾ ಮಗ, ಅವರು ಬರುವುದಿಲ್ಲ, ಅದು ನಿನ್ನ ತಪ್ಪಲ್ಲ ಎಂದು ಹೇಳಲು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲವೇ?

“ನಂಗ್ಯಾಕವ್ವ ಇಷ್ಟು ದಿನ ಹೇಳ್ಲಿಲ್ಲ?” ಎಂದೆ.

“ನೀನ್ ಕೇಳ್ಲಿಲ್ಲ” ಎಂದಳು. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದು, ಮೊರವನ್ನು ನನ್ನ ಕಡೆ ತಳ್ಳಿದಳು.